ಬ್ಯಾಟರಿಯೊಳಗಿನ ಹೂಳು

ಎಲೆಕ್ಟ್ರಿಕ್ ಕಾರು ಕೊಳ್ಳಬೇಕು ಅಂತಿರುವವರು ಮೊದಲು ಕೇಳೋದು ಎರಡೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತೆ? ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಮೊದಲನೆಯದಕ್ಕೆ ಕಂಪನಿಯ ಕರಪತ್ರದಲ್ಲೇ ಉತ್ತರ ಇರುತ್ತೆ. ಎರಡನೆಯದಕ್ಕೆ ಶೋರೂಮಿನ ಹುಡುಗ "ಎಂಟು ವರ್ಷ ವಾರಂಟಿ ಇದೆ ಸರ್" ಅಂತಾನೆ. ನೀವು ಕೇಳಿದ್ದು ಬ್ಯಾಟರಿ ಎಷ್ಟು ದಿನ ಬಾಳುತ್ತೆ ಅಂತ. ಅವನು ಹೇಳಿದ್ದು ಎಷ್ಟು ದಿನ ಅದು ಕಂಪನಿಯ ಹೊಣೆ ಅಂತ. ಇವೆರಡೂ ಒಂದೇ ಅಲ್ಲ. ಈ ವ್ಯತ್ಯಾಸದ ಮೇಲೆ ನಡೆದ ಜಗಳ, ಸೋಲು, ರಾಜಿಗಳೇ ಎಲೆಕ್ಟ್ರಿಕ್ ಕಾರಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯ ಅರ್ಧ ಭಾಗ. ಆ ಅರ್ಧವನ್ನು ಇಲ್ಲಿ ಹೇಳುತ್ತೇನೆ.

ಅದಕ್ಕೂ ಮೊದಲು, ಬ್ಯಾಟರಿ ಹಳೆಯದಾಗುತ್ತೆ ಅಂದರೆ ಏನು ಅನ್ನೋದು ಸ್ಪಷ್ಟ ಆಗಬೇಕು. ಕೆರೆ ನೋಡಿದವರಿಗೆ ಇದು ಸುಲಭ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬೀಳುತ್ತೆ, ಊರೆಲ್ಲ ಹೋಗಿ ನೋಡಿ ಬರುತ್ತೆ. ಆದರೆ ಮೂವತ್ತು ವರ್ಷದ ಹಿಂದೆ ಕೋಡಿ ಬಿದ್ದ ಕೆರೆಯಲ್ಲಿ ಬೇಸಿಗೆ ಬೆಳೆಗೂ ನೀರಿರುತ್ತಿತ್ತು, ಈಗ ಶಿವರಾತ್ರಿ ಹೊತ್ತಿಗೆ ತಳ ಕಾಣುತ್ತೆ. ಏರಿ ಅಷ್ಟೇ ಎತ್ತರ ಇದೆ, ಕೋಡಿಯೂ ಅಲ್ಲೇ ಇದೆ, ತಳದಲ್ಲಿ ಮಾತ್ರ ಹೂಳು ತುಂಬಿದೆ. ದೊಡ್ಡ ಲೆಕ್ಕ ಬೇಕಾದರೆ ತುಂಗಭದ್ರಾ ಜಲಾಶಯ ನೋಡಿ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಸುಮಾರು 105. ಪೇಪರಿನಲ್ಲಿ ಮಾತ್ರ ಇವತ್ತಿಗೂ "1633 ಅಡಿ, ಜಲಾಶಯ ಭರ್ತಿ" ಅಂತಲೇ ಬರುತ್ತೆ. ಅಡಿಯ ಲೆಕ್ಕದಲ್ಲಿ ಅದು ಸುಳ್ಳಲ್ಲ. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಮಾತ್ರ ಆ ಭರ್ತಿಯ ಅರ್ಥ ಬದಲಾಗಿರುತ್ತೆ.

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ಶೇ. 100 ಕೂಡ ಆ 1633 ಅಡಿಯ ಹಾಗೆಯೇ. ಇವತ್ತು ಎಷ್ಟು ತುಂಬಿದೆ ಅಂತ ಅದು ಹೇಳುತ್ತೆ. ತುಂಬುವ ಪಾತ್ರೆಯೇ ಎಷ್ಟು ಚಿಕ್ಕದಾಗಿದೆ ಅಂತ ಹೇಳೋದಿಲ್ಲ.

ನಿಜವಾಗಿಯೂ ಹೂಳೆತ್ತುತ್ತಿದ್ದ ಕಾಲ

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ. ಎರಡು ಸೀಸದ ತಗಡು, ನಡುವೆ ಗಂಧಕಾಮ್ಲ. 1881ರಲ್ಲಿ ಅದೇ ದೇಶದ ಕ್ಯಾಮಿಲ್ ಫೋರ್ ಸೀಸದ ಆಕ್ಸೈಡನ್ನು ಕಲಸಿ ತಗಡಿಗೆ ಮೆತ್ತಿ, ಕಾರ್ಖಾನೆಯಲ್ಲಿ ಮಾಡಬಹುದಾದ ವಸ್ತುವಾಗಿ ಅದನ್ನು ಬದಲಿಸಿದ. ನಿಮ್ಮ ಮನೆಯ ಯುಪಿಎಸ್‌ನಲ್ಲಿ, ಟ್ರ್ಯಾಕ್ಟರಿನಲ್ಲಿ ಇರೋದು ಅದರ ಮೊಮ್ಮಗನೇ. 1900ರ ಹೊತ್ತಿಗೆ ಅಮೆರಿಕದಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಎಲೆಕ್ಟ್ರಿಕ್. ಹೊಗೆ ಇಲ್ಲ, ಸದ್ದಿಲ್ಲ, ಹ್ಯಾಂಡಲ್ ತಿರುವಿ ಸ್ಟಾರ್ಟ್ ಮಾಡುವ ಕಷ್ಟ ಇಲ್ಲ.

ಕಷ್ಟ ಇದ್ದದ್ದು ಬ್ಯಾಟರಿಯಲ್ಲಿ. ಸೀಸದ ಬ್ಯಾಟರಿ ಖಾಲಿಯಾದಾಗ ತಗಡಿನ ಮೇಲೆ ಸೀಸದ ಸಲ್ಫೇಟ್ ಹರಳು ಕಟ್ಟುತ್ತೆ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತೆ, ಹಾಗೇ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತೆ. ರಸ್ತೆಯ ಕುಲುಕಾಟಕ್ಕೆ ತಗಡಿಗೆ ಮೆತ್ತಿದ ಪುಡಿ ಉದುರಿ ಡಬ್ಬದ ತಳ ಸೇರುತ್ತೆ. ಇದು ಮಾತಿಗೆ ಹೇಳಿದ ಹೂಳಲ್ಲ, ನಿಜವಾದ ಹೂಳು. ಅದು ತಗಡಿನ ಬುಡದವರೆಗೆ ಏರಿದರೆ ಒಳಗೇ ಶಾರ್ಟ್ ಆಗುತ್ತೆ. ಅದಕ್ಕೆ ಆಗ ತಗಡುಗಳ ಕೆಳಗೆ ಜಾಗ ಬಿಟ್ಟು ಡಬ್ಬ ಮಾಡುತ್ತಿದ್ದರು. ಆಗಾಗ ಬ್ಯಾಟರಿ ಬಿಚ್ಚಿ, ಹೂಳು ತೆಗೆದು, ತೊಳೆದು ಮತ್ತೆ ಜೋಡಿಸುತ್ತಿದ್ದರು. ಇದಕ್ಕೆ "ಬ್ಯಾಟರಿ ತೊಳೆಯುವುದು" ಅಂತಲೇ ಹೆಸರಿತ್ತು.

ಈ ಕೆಲಸ ಯಾರು ಮಾಡಬೇಕು, ದುಡ್ಡು ಯಾರು ಕೊಡಬೇಕು? ನ್ಯೂಯಾರ್ಕಿನಲ್ಲಿ 1897ರಲ್ಲಿ ಎಲೆಕ್ಟ್ರಿಕ್ ಬಾಡಿಗೆ ಗಾಡಿಗಳು ಶುರುವಾದಾಗ ಕಂಪನಿಯೇ ಗಾಡಿ ಇಟ್ಟುಕೊಂಡು, ಕಂಪನಿಯೇ ಬ್ಯಾಟರಿ ನೋಡಿಕೊಂಡು, ಸವಾರಿಗೆ ಮಾತ್ರ ಬಾಡಿಗೆ ತಗೊಂಡಿತು. ಗಾಡಿ ಡಿಪೋಗೆ ಬಂದ ಕೂಡಲೇ ಖಾಲಿ ಬ್ಯಾಟರಿ ಎಳೆದು ತುಂಬಿದ್ದನ್ನು ತಳ್ಳುವ ಯಂತ್ರವೂ ಇತ್ತು. ಇವತ್ತು "ಬ್ಯಾಟರಿ ಸ್ವಾಪಿಂಗ್" ಅಂತ ಹೊಸದಾಗಿ ಕೇಳುತ್ತಿದ್ದೀವಲ್ಲ, ಅದು ಅಲ್ಲಿತ್ತು. ಆ ವ್ಯವಹಾರವನ್ನು ಮುಂದೆ ನಡೆಸಿದ ಎಲೆಕ್ಟ್ರಿಕ್ ವೆಹಿಕಲ್ ಕಂಪನಿ 1907ರಲ್ಲಿ ದಿವಾಳಿಯಾಯಿತು. ದಿವಾಳಿಗೆ ಹತ್ತು ಕಾರಣ ಇದ್ದವು. ಬ್ಯಾಟರಿ ಸವೆತದ ಖರ್ಚು ಅವುಗಳಲ್ಲಿ ಒಂದು.

ಇದಕ್ಕಿಂತ ಜಾಣತನದ ಲೆಕ್ಕ ಹಾಕಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ. 1910ರಲ್ಲಿ ಅದು ಟ್ರಕ್ ಮಾಲೀಕರಿಗೆ ಹೇಳಿದ್ದು ಇಷ್ಟು: ಗಾಡಿಯನ್ನು ಬ್ಯಾಟರಿ ಇಲ್ಲದೆ ಕೊಳ್ಳಿ, ಬ್ಯಾಟರಿ ನಮ್ಮದು, ತಿಂಗಳಿಗೆ ಇಷ್ಟು, ಓಡಿಸಿದ ಮೈಲಿಗೆ ಇಷ್ಟು ಕೊಡಿ. ಆ ಸೇವೆ 1924ರವರೆಗೆ ನಡೆಯಿತು. ಗಾಡಿಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು ಓಡಿದವು. ಬ್ಯಾಟರಿ ಹಾಳಾದರೆ ನಷ್ಟ ಕಂಪನಿಗೆ. ಹಾಗಾಗಿ ಅದನ್ನು ಜೋಪಾನ ಮಾಡುವ ಆಸೆಯೂ ಕಂಪನಿಗೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎಡಿಸನ್ ವಾಪಸ್ ಪಡೆದ ಬ್ಯಾಟರಿ

ಇದೇ ಹೊತ್ತಿಗೆ ಥಾಮಸ್ ಎಡಿಸನ್‌ಗೆ ಸೀಸದ ಬ್ಯಾಟರಿ ಕಂಡರೆ ಆಗುತ್ತಿರಲಿಲ್ಲ. ಭಾರ, ಆಮ್ಲ, ಅಲ್ಪಾಯುಷ್ಯ. 1901ರಲ್ಲಿ ಎಡಿಸನ್ ಸ್ಟೋರೇಜ್ ಬ್ಯಾಟರಿ ಕಂಪನಿ ಹುಟ್ಟಿತು. ಸೀಸದ ಬದಲು ಕಬ್ಬಿಣ ಮತ್ತು ನಿಕ್ಕಲ್, ಆಮ್ಲದ ಬದಲು ಕ್ಷಾರ. 1903ರಲ್ಲಿ ಮಾರಾಟ ಶುರುವಾಯಿತು, ಪ್ರಚಾರವೂ ಜೋರಾಗಿತ್ತು. ಸ್ವಲ್ಪ ದಿನಕ್ಕೇ ದೂರು ಬರತೊಡಗಿತು. ಡಬ್ಬದ ಬೆಸುಗೆ ಸೋರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಕೆಲವು ಬ್ಯಾಟರಿಗಳ ಸಾಮರ್ಥ್ಯ ಬಳಸುತ್ತಾ ಬಳಸುತ್ತಾ ಕುಸಿಯುತ್ತಿತ್ತು. ನಿಕ್ಕಲ್ ಪುಡಿಗೆ ವಿದ್ಯುತ್ ಹರಿಯಲಿ ಅಂತ ಬೆರೆಸಿದ್ದ ಗ್ರಾಫೈಟ್ ಕಾಲಕ್ರಮೇಣ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಅಂದರೆ ನಿಕ್ಕಲ್ ಒಳಗೇ ಇದೆ, ಆದರೆ ಅದನ್ನು ತಲುಪುವ ದಾರಿ ಕಿತ್ತುಹೋಗಿದೆ.

ಎಡಿಸನ್ 1904ರಲ್ಲಿ ಉತ್ಪಾದನೆ ನಿಲ್ಲಿಸಿ ಕೆಟ್ಟ ಬ್ಯಾಟರಿಗಳನ್ನು ವಾಪಸ್ ತರಿಸಿಕೊಂಡ. ಮತ್ತೆ ಸರಿಯಾದ ಬ್ಯಾಟರಿ ಮಾರುಕಟ್ಟೆಗೆ ಬರಲು ಸುಮಾರು ಐದು ವರ್ಷ ಹಿಡಿಯಿತು. ಗ್ರಾಫೈಟ್ ಜಾಗದಲ್ಲಿ ನಿಕ್ಕಲ್‌ನದೇ ತೆಳು ಚೂರುಗಳನ್ನು ಪದರ ಪದರವಾಗಿ ಉಕ್ಕಿನ ಕೊಳವೆಗೆ ತುಂಬಿದ. ಕ್ಷಾರಕ್ಕೆ ಸ್ವಲ್ಪ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ಸಾಮರ್ಥ್ಯ ಹೆಚ್ಚುತ್ತೆ, ಹೆಚ್ಚು ದಿನ ಉಳಿಯುತ್ತೆ ಅಂತ ಅವನ ಪ್ರಯೋಗಾಲಯ ಕಂಡುಕೊಂಡಿತು. ಇವತ್ತಿನ ಕಾರನ್ನು ಓಡಿಸುವ ಲಿಥಿಯಂ ಹೀಗೆ, ಸಾರಿಗೆ ಉಪ್ಪು ಹಾಕಿದ ಹಾಗೆ, ನೂರು ವರ್ಷ ಮೊದಲೇ ಕಾರಿನ ಬ್ಯಾಟರಿಯೊಳಗೆ ಬಂದು ಹೋಗಿತ್ತು.

ಹೊಸ ಎಡಿಸನ್ ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿಗೆ ಹೆಚ್ಚು ದುಡ್ಡು ಕೊಟ್ಟು ಅದನ್ನು ಹಾಕಿಸಿಕೊಳ್ಳಬಹುದಿತ್ತು. ಆದರೆ ಕಾಲ ಮೀರಿತ್ತು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು, ಪೆಟ್ರೋಲ್ ಕಾರಿನ ಹ್ಯಾಂಡಲ್ ತಿರುವುವ ಕಷ್ಟ ತಪ್ಪಿತು. ಬ್ಯಾಟರಿ ಕಾರನ್ನು ಮೂಲೆಗೆ ತಳ್ಳಿದ್ದು ಬ್ಯಾಟರಿಯಿಂದ ತಿರುಗುವ ಒಂದು ಪುಟ್ಟ ಮೋಟಾರು!

ಬೊಮ್ಮಸಂದ್ರದಿಂದ ಲಂಡನ್ನಿಗೆ

ಮುಂದಿನ ಎಂಬತ್ತು ವರ್ಷ ಎಲೆಕ್ಟ್ರಿಕ್ ಕಾರು ಹೆಚ್ಚುಕಡಿಮೆ ಮಲಗಿತ್ತು. 1990ರಲ್ಲಿ ಕ್ಯಾಲಿಫೋರ್ನಿಯಾ ಹೊಗೆಯಿಲ್ಲದ ಕಾರು ಮಾರಲೇಬೇಕು ಅಂತ ನಿಯಮ ತಂದಾಗ ಮತ್ತೆ ಎದ್ದಿತು. 1996ರಲ್ಲಿ ಜನರಲ್ ಮೋಟಾರ್ಸ್ ಇವಿ1 ತಂದಿತು. ಮೊದಲು ಸೀಸದ ಬ್ಯಾಟರಿ, 1999ರಿಂದ ನಿಕ್ಕಲ್-ಮೆಟಲ್ ಹೈಡ್ರೈಡ್. ಗಮನಿಸಿ, ಅದನ್ನು ಮಾರಲಿಲ್ಲ. ಲೀಸಿಗೆ ಮಾತ್ರ ಕೊಟ್ಟು, ಕೊನೆಗೆ ವಾಪಸ್ ತಗೊಂಡು ಬಹುಪಾಲು ಕಾರುಗಳನ್ನು ಜಜ್ಜಿ ಹಾಕಿದರು.

ನಿಜವಾಗಿ ಮಾರಿದ್ದು ನಮ್ಮ ಬೆಂಗಳೂರು. ಮೈನಿ ಗುಂಪು ಅಮೆರಿಕದ ಅಮೆರಿಗಾನ್ ಜೊತೆ ಸೇರಿ 1994ರಲ್ಲಿ ಶುರುಮಾಡಿದ ಕಂಪನಿ, ಚೇತನ್ ಮೈನಿಯವರ ಮುಂದಾಳತ್ವದಲ್ಲಿ 2001ರಲ್ಲಿ ರೇವಾ ಕಾರನ್ನು ರಸ್ತೆಗೆ ಬಿಟ್ಟಿತು. ಬೊಮ್ಮಸಂದ್ರದಲ್ಲಿ ತಯಾರಿ. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳು. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು ಹತ್ತು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಕರೆಂಟು, ಸುಮಾರು 80 ಕಿ.ಮೀ. ಓಟ. 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಅನ್ನುವ ಹೆಸರಲ್ಲಿ ಓಡಿತು. ಅಲ್ಲಿ ನಗರದ ನಡುವೆ ಕಾರು ತರಲು ಕಟ್ಟಬೇಕಾದ ದಟ್ಟಣೆ ಶುಲ್ಕ ಇದಕ್ಕಿರಲಿಲ್ಲ. ಇಂಗ್ಲೆಂಡಿನ ಪತ್ರಕರ್ತರು ಅದನ್ನು ಹಂಗಿಸಿದರು, ಲಂಡನ್ನಿನವರು ಹಂಗಿಸುತ್ತಲೇ ಕೊಂಡರು.

ರೇವಾ ಓಡಿಸಿದವರಿಗೆ ಬ್ಯಾಟರಿ ಸವೆತ ಪಾಠ ಹೇಳಿ ಕೊಡಬೇಕಾಗಿರಲಿಲ್ಲ. ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮೊದಲ ವರ್ಷ ಮಲ್ಲೇಶ್ವರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಿದ್ದ ಕಾರು, ದಿನ ಕಳೆದ ಹಾಗೆ ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಎದೆ ಢವಢವ ಅನ್ನಿಸುವಂಥ ಸವೆತ ಅದು. ಕೆಲವೇ ವರ್ಷಕ್ಕೊಮ್ಮೆ ಎಂಟೂ ಬ್ಯಾಟರಿ ಬದಲಿಸಬೇಕು, ಆ ಖರ್ಚು ಮಾಲೀಕನದೇ. ಆದರೆ ಇಲ್ಲಿ ಒಂದು ಪ್ರಾಮಾಣಿಕತೆಯೂ ಇತ್ತು. ಸೀಸದ ಬ್ಯಾಟರಿ ಸಾಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಟೈರು ಸವೆದಂತೆ ಅದೂ ಸವೆಯುತ್ತೆ ಅಂತ ಕೊಂಡವನು ಒಪ್ಪಿಯೇ ಕೊಂಡಿದ್ದ. 2009ರಲ್ಲಿ ರೇವಾಕ್ಕೂ ಲಿಥಿಯಂ ಬ್ಯಾಟರಿ ಬಂತು, 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು. ತೊಡಕು ಶುರುವಾದದ್ದೇ ಲಿಥಿಯಂ ಬಂದ ಮೇಲೆ. ಇದು ಸಾಯೋದೇ ಇಲ್ಲವೇನೋ ಅನ್ನುವ ಭಾವನೆ ಜನರಲ್ಲಿ ಹುಟ್ಟಿತು.

ಲಿಥಿಯಂ ಎಲ್ಲಿಗೆ ಹೋಗುತ್ತೆ?

ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. ಅದರ ಬುನಾದಿ ಹಾಕಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ ಮೂವರಿಗೂ 2019ರಲ್ಲಿ ನೊಬೆಲ್ ಸಿಕ್ಕಿತು. ಕೆಲಸ ಮಾಡುವ ಬಗೆ ಸರಳ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಬಳಸಿದಾಗ ವಾಪಸ್ ಬರುತ್ತವೆ. ಬೆಳಿಗ್ಗೆ ಮೇಯಲು ಹೋದ ಕುರಿ ಸಂಜೆ ಹಟ್ಟಿಗೆ ಬಂದ ಹಾಗೆ.

ಹೋದ ಕುರಿಗಳೆಲ್ಲ ಬರೋದಿಲ್ಲ ಅನ್ನೋದೇ ಸಮಸ್ಯೆ. ಗ್ರಾಫೈಟಿನ ಮೇಲ್ಮೈಯಲ್ಲಿ ಒಳಗಿನ ದ್ರಾವಣ ಲಿಥಿಯಂ ಜೊತೆ ಸೇರಿ ಒಂದು ತೆಳು ಪೊರೆ ಕಟ್ಟುತ್ತೆ. ಕಾರ್ಖಾನೆಯಲ್ಲಿ ಮೊಟ್ಟಮೊದಲ ಚಾರ್ಜ್ ಮಾಡುವಾಗಲೇ ಅದು ಹುಟ್ಟುತ್ತೆ. ಇಸ್ರೇಲಿನ ಇಮ್ಯಾನುಯೆಲ್ ಪೆಲೆಡ್ 1979ರಲ್ಲಿ ಈ ಬಗೆಯ ಪೊರೆಯನ್ನು ವಿವರಿಸಿ ಹೆಸರಿಟ್ಟರು, ಈಗ ಎಲ್ಲರೂ ಎಸ್‌ಇಐ ಅಂತಾರೆ. ಈ ಪೊರೆ ಬೇಕೇ ಬೇಕು. ಇಲ್ಲದಿದ್ದರೆ ದ್ರಾವಣ ಗ್ರಾಫೈಟನ್ನು ತಿನ್ನುತ್ತಲೇ ಇರುತ್ತೆ. ಆದರೆ ಅದು ಅಲ್ಲಿಗೆ ನಿಲ್ಲೋದಿಲ್ಲ. ಗಡಸು ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ದಪ್ಪವಾಗುವಂತೆ ನಿಧಾನಕ್ಕೆ ಬೆಳೆಯುತ್ತೆ. ಬೆಳೆದಷ್ಟೂ ಲಿಥಿಯಂ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಹಾಗೆ ಸಿಕ್ಕಿಕೊಂಡದ್ದು ಮತ್ತೆ ಕೆಲಸಕ್ಕೆ ಬರೋದಿಲ್ಲ. ಸೀಸದ ಬ್ಯಾಟರಿ ಬಿಚ್ಚಿ ತೊಳೆದ ಹಾಗೆ ಇದನ್ನು ತೊಳೆಯಲಾಗದು. ಈ ಕೆರೆಗೆ ಹೂಳೆತ್ತುವ ಯೋಜನೆ ಇಲ್ಲ.

ಪೊರೆ ದಪ್ಪವಾದಷ್ಟೂ ಮುಂದಿನ ಬೆಳವಣಿಗೆ ನಿಧಾನ. ಅದಕ್ಕೇ ಹೊಸ ಕಾರು ಮೊದಲ ಒಂದೆರಡು ವರ್ಷದಲ್ಲಿ ಬೇಗ ಬೇಗ ಕಳೆದುಕೊಂಡು ಆಮೇಲೆ ನಿಧಾನವಾಗುತ್ತೆ. ಮೊದಲ ವರ್ಷದ ಇಳಿಕೆ ನೋಡಿ "ಅಯ್ಯೋ, ಐದು ವರ್ಷಕ್ಕೆ ಮುಗಿಯಿತು" ಅಂತ ಗುಣಿಸಿ ಕೂರೋದು ತಪ್ಪು ಲೆಕ್ಕ.

ಪೊರೆಯನ್ನು ಬೆಳೆಸುವ ದೊಡ್ಡ ಗೊಬ್ಬರ ಬಿಸಿಲು. ಶಾಖ ಏರಿದಷ್ಟೂ ರಾಸಾಯನಿಕ ಕ್ರಿಯೆಗಳ ವೇಗ ಏರುತ್ತೆ. 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಇಮ್ಮಡಿ ಅನ್ನೋದು ಹಳೆಯ ಅಂದಾಜು. ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸಿದರೂ ಸವೆತ ಹೆಚ್ಚು. ಅಂದರೆ ಕಾರು ಓಡಿಸದೇ ಇದ್ದರೂ ಬ್ಯಾಟರಿಗೆ ವಯಸ್ಸಾಗುತ್ತೆ. "ಬರೀ 15 ಸಾವಿರ ಕಿಲೋಮೀಟರ್ ಓಡಿದೆ ಸಾರ್, ಹೊಸದಿದ್ದ ಹಾಗಿದೆ" ಅನ್ನುವ ಬ್ರೋಕರ್ ಮಾತು ಪೆಟ್ರೋಲ್ ಕಾರಿಗೆ ಸರಿ, ಇದಕ್ಕೆ ಪೂರ್ತಿ ಸರಿಯಲ್ಲ.

ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಈ ಸವೆತವನ್ನು ಅಳೆಯುವುದರಲ್ಲೇ ಜೀವಮಾನ ಕಳೆದವರು. ಹತ್ತು ವರ್ಷ ಬಾಳುತ್ತೋ ಇಲ್ಲವೋ ನೋಡಲು ಹತ್ತು ವರ್ಷ ಕಾಯಬೇಕೇ? ಬೇಡ, ಒಂದೊಂದು ಸುತ್ತಿನಲ್ಲಿ ಹೋದದ್ದೆಷ್ಟು, ಬಂದದ್ದೆಷ್ಟು ಅಂತ ಅತಿ ನಿಖರವಾಗಿ ಅಳೆದರೆ ಸಾಕು ಅಂತ ಅವರ ತಂಡ ಅದಕ್ಕೆ ಬೇಕಾದ ಯಂತ್ರಗಳನ್ನೇ ಕಟ್ಟಿತು. ಈ ಲೆಕ್ಕ ನನ್ನಂಥ ಕೋಡ್ ಬರೆಯುವವರಿಗೆ ಬಲು ಇಷ್ಟ. ಪ್ರತಿ ಸುತ್ತಿನಲ್ಲೂ ಶೇ. 99.9 ವಾಪಸ್ ಬಂತು ಅಂದುಕೊಳ್ಳಿ. ಕೇಳೋದಕ್ಕೆ ಅದ್ಭುತ. ಸಾವಿರ ಸುತ್ತಿನ ಮೇಲೆ ಉಳಿಯೋದು ಶೇ. 37 ಮಾತ್ರ. ಅದೇ ಶೇ. 99.99 ಬಂದರೆ ಸಾವಿರ ಸುತ್ತಿನ ಮೇಲೂ ಶೇ. 90 ಉಳಿಯುತ್ತೆ. ದಶಮಾಂಶದ ಆಚೆಯ ಒಂದೇ ಒಂದು 9, ಕಾರು ಮನೆ ಮುಂದೆ ಇರುತ್ತೋ ಗುಜರಿಗೆ ಹೋಗುತ್ತೋ ಅನ್ನೋದನ್ನು ತೀರ್ಮಾನ ಮಾಡುತ್ತೆ.

ಫೀನಿಕ್ಸ್‌ನ ಬೇಸಿಗೆ

ಈಗ 2010ರ ಡಿಸೆಂಬರಿಗೆ ಬನ್ನಿ. ಒಂದೇ ತಿಂಗಳಲ್ಲಿ ಅಮೆರಿಕದಲ್ಲಿ ಎರಡು ಕಾರು ಬಂದವು. ಒಂದು ಷೆವ್ರೊಲೆ ವೋಲ್ಟ್. ಅದರಲ್ಲಿ 16 ಯೂನಿಟ್‌ನ ಬ್ಯಾಟರಿ, ಆದರೆ ಬಳಸಲು ಬಿಡುತ್ತಿದ್ದದ್ದು ಸುಮಾರು 10 ಯೂನಿಟ್ ಮಾತ್ರ. ಉಳಿದದ್ದು ಮೀಸಲು. ಬ್ಯಾಟರಿಯನ್ನು ತಂಪಾಗಿಡಲು ಕೂಲೆಂಟ್ ದ್ರವ ಹರಿಯುವ ಏರ್ಪಾಡೂ ಇತ್ತು. ಇನ್ನೊಂದು ನಿಸ್ಸಾನ್ ಲೀಫ್. 24 ಯೂನಿಟ್ ಬ್ಯಾಟರಿ, ಹೆಚ್ಚುಕಡಿಮೆ ಪೂರ್ತಿ ಬಳಕೆಗೆ. ತಂಪು ಮಾಡಲು ಫ್ಯಾನ್ ಕೂಡ ಇಲ್ಲ, ಓಡುವಾಗ ಹೊರಗಿಂದ ತಗಲುವ ಗಾಳಿಯೇ ಗತಿ. ಬೆಲೆ ಇಳಿಸಲು, ಭಾರ ಇಳಿಸಲು ಮಾಡಿದ ಆಯ್ಕೆ ಅದು. ತಂಪು ಹವೆಯ ಊರುಗಳಲ್ಲಿ ಅದು ಅಷ್ಟು ಕಾಡಲಿಲ್ಲ.

ಅರಿಜೋನಾದ ಫೀನಿಕ್ಸ್ ಮರುಭೂಮಿಯ ನಗರ. ಬೇಸಿಗೆಯಲ್ಲಿ 43 ಡಿಗ್ರಿ ಅಲ್ಲಿ ಮಾಮೂಲು. ನಮ್ಮ ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲನ್ನು ಇನ್ನಷ್ಟು ತಿಂಗಳು ಎಳೆದರೆ ಅದು ಫೀನಿಕ್ಸ್. ಲೀಫ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಸಾಮರ್ಥ್ಯ ತೋರಿಸಲು 12 ಪುಟ್ಟ ಗೆರೆಗಳಿದ್ದವು. ಅಂದರೆ ಹೂಳಿನ ಅಳತೆ ತೋರಿಸಿದ ಕೆಲವೇ ಕಾರುಗಳಲ್ಲಿ ಅದೂ ಒಂದು, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಆ ಅಳತೆಯಲ್ಲೊಂದು ಕೊಂಕಿತ್ತು. ಮೊದಲ ಗೆರೆ ಮಾಯವಾಗಲು ಸುಮಾರು ಶೇ. 15 ಸಾಮರ್ಥ್ಯ ಹೋಗಬೇಕು. ಆಮೇಲಿನ ಒಂದೊಂದು ಗೆರೆಗೆ ಶೇ. 6ರಷ್ಟು ಹೋದರೆ ಸಾಕು.

2012ರ ಬೇಸಿಗೆಯಲ್ಲಿ, ಕೊಂಡು ಎರಡು ವರ್ಷವೂ ಆಗದ ಕಾರುಗಳಲ್ಲಿ, ಫೀನಿಕ್ಸ್ ಸುತ್ತಮುತ್ತ ಗೆರೆಗಳು ಉದುರತೊಡಗಿದವು. ಕೆಲವರಿಗೆ ಒಂದು, ಕೆಲವರಿಗೆ ಎರಡು ಮೂರು. ಐದು ವರ್ಷಕ್ಕೆ ಶೇ. 80, ಹತ್ತು ವರ್ಷಕ್ಕೆ ಶೇ. 70 ಉಳಿಯುತ್ತೆ ಅಂತ ಕಂಪನಿ ಹೇಳಿದ್ದನ್ನು ನಂಬಿ ಕೊಂಡವರು ವಾರಂಟಿ ಕಾಗದ ತೆಗೆದು ನೋಡಿದರು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಧಾನವಾಗಿ ಆಗುವ ಸಾಮರ್ಥ್ಯ ನಷ್ಟ ವಾರಂಟಿಗೆ ಸೇರುವುದಿಲ್ಲ. ಬ್ಯಾಟರಿ ಕೆಟ್ಟುನಿಂತರೆ ಕಂಪನಿಯ ಹೊಣೆ, ಹಳೆಯದಾದರೆ ನಿಮ್ಮ ಹಣೆಬರಹ.

ಮುಂದೆ ನಡೆದದ್ದು ಕುತೂಹಲದ ಸಂಗತಿ. ನಿಸ್ಸಾನ್ ಕೆಲವು ಕಾರುಗಳನ್ನು ಅರಿಜೋನಾದ ಕಾಸಾ ಗ್ರಾಂಡೆಯಲ್ಲಿರುವ ತನ್ನ ಪರೀಕ್ಷಾ ಕೇಂದ್ರಕ್ಕೆ ತರಿಸಿ ಅಳೆಯಿತು. ಕಾರುಗಳಲ್ಲಿ ದೋಷವಿಲ್ಲ, ಫೀನಿಕ್ಸ್‌ನ ಸರಾಸರಿ ಕಾರಿನಲ್ಲಿ ಐದು ವರ್ಷಕ್ಕೆ ಶೇ. 76 ಉಳಿಯುತ್ತೆ ಅಂದಿತು. ಆ ಲೆಕ್ಕ ವರ್ಷಕ್ಕೆ 7,500 ಮೈಲಿ, ಅಂದರೆ 12,000 ಕಿ.ಮೀ. ಓಡಿಸಿದರೆ. ಮಾಲೀಕರು ಸುಮ್ಮನಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ 12 ಲೀಫ್ ಕಾರುಗಳನ್ನು ಪೂರ್ತಿ ಚಾರ್ಜ್ ಮಾಡಿ, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ, ನಿಲ್ಲುವವರೆಗೂ ಓಡಿಸಿ ತಾವೇ ಅಳೆದರು. ಹೊಸ ಕಾರು ಹೋಗಬೇಕಾದಷ್ಟು ದೂರ ಒಂದೂ ಹೋಗಲಿಲ್ಲ. ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಎಲ್ಲ ಮಾಲೀಕರ ಪರವಾಗಿ ಮೊಕದ್ದಮೆಯೂ ಬಿತ್ತು.

ಆ ವರ್ಷದ ಕೊನೆಗೆ ನಿಸ್ಸಾನ್ ಹೊಸ ವಾರಂಟಿ ಘೋಷಿಸಿತು. ಐದು ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಕಂಪನಿ ಸರಿಮಾಡಿ ಕೊಡುತ್ತೆ, ಈಗಾಗಲೇ ಮಾರಿದ ಕಾರುಗಳಿಗೂ ಅನ್ವಯ. ಸಾಮರ್ಥ್ಯ ಇಳಿಯುವುದೂ ಕಂಪನಿಯ ಹೊಣೆ ಅಂತ ಬರೆದುಕೊಟ್ಟ ಮೊದಲ ದೊಡ್ಡ ಒಪ್ಪಂದಗಳಲ್ಲಿ ಇದೂ ಒಂದು. 2014ರಲ್ಲಿ ಬದಲಿ ಬ್ಯಾಟರಿಗೆ 5,499 ಡಾಲರ್ ಅಂತ ಬೆಲೆ ನಿಗದಿಯಾಯಿತು. ಅದರ ಹಿಂದೆಯೇ 2015ರ ಮಾಡೆಲ್ಲಿಗೆ ಬಿಸಿಲು ತಾಳುವ ಹೊಸ ರಸಾಯನದ ಬ್ಯಾಟರಿ ಬಂತು. ಮರುಭೂಮಿಯ ಹಲ್ಲಿಯ ನೆನಪಿಗೆ ಜನ ಅದನ್ನು "ಲಿಜರ್ಡ್ ಬ್ಯಾಟರಿ" ಅಂದರು.

ಇವತ್ತು ನಮ್ಮ ಶೋರೂಮ್ ಹುಡುಗ ಸಲೀಸಾಗಿ ಹೇಳುವ "ಎಂಟು ವರ್ಷ, ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್" ಅನ್ನುವ ಮಾತಿನ ಹಿಂದೆ ಫೀನಿಕ್ಸ್‌ನ ಆ ರಾತ್ರಿಯೂ ಸ್ವಲ್ಪ ಇದೆ. ವಾರಂಟಿಯಲ್ಲಿ ಶೇ. 70 ಅನ್ನುವ ಅಂಕಿಯನ್ನು ಯಾವ ಕಂಪನಿಯೂ ಪ್ರೀತಿಯಿಂದ ಬರೆದದ್ದಲ್ಲ, ಜನ ಅಳೆದು ತೋರಿಸಿ ಬರೆಸಿದ್ದು.

ಅಳತೆ ಯಾರ ಕೈಲಿ?

ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಕಾರುಗಳು ನಿಜಕ್ಕೂ ಸುಧಾರಿಸಿವೆ. ಬ್ಯಾಟರಿಗೆ ಕೂಲೆಂಟ್ ಹರಿಸುವುದು ಈಗ ಬಹುಪಾಲು ಕಾರುಗಳಲ್ಲಿ ಮಾಮೂಲು. ಕೆನಡಾದ ಜಿಯೋಟ್ಯಾಬ್ ಕಂಪನಿ ಸಾವಿರಾರು ಕಾರುಗಳ ದತ್ತಾಂಶ ನೋಡಿ 2024ರಲ್ಲಿ ಸರಾಸರಿ ಸವೆತ ವರ್ಷಕ್ಕೆ ಶೇ. 1.8 ಅಂದಿತು. ಆ ಲೆಕ್ಕದಲ್ಲಿ ಹತ್ತು ವರ್ಷದ ಮೇಲೂ ಶೇ. 80ಕ್ಕಿಂತ ಹೆಚ್ಚು ಉಳಿಯುತ್ತೆ. ನಮ್ಮಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಕೂಡ ಗುಡ್‌ಇನಫ್ ಅವರ ಪ್ರಯೋಗಾಲಯದಲ್ಲೇ 1990ರ ದಶಕದಲ್ಲಿ ಹುಟ್ಟಿದ್ದು, ಹೆಚ್ಚು ಸುತ್ತು ತಾಳುವಂಥದ್ದು. ಕಾರಿಗೆ ಸಾಲದ ಬ್ಯಾಟರಿಗೂ ಕೆಲಸವಿದೆ. ಆಮ್‌ಸ್ಟರ್‌ಡ್ಯಾಮಿನ ಯೋಹಾನ್ ಕ್ರೈಫ್ ಕ್ರೀಡಾಂಗಣದಲ್ಲಿ 2018ರಿಂದ ಕರೆಂಟು ಕೂಡಿಡುತ್ತಿರುವ 148 ಲೀಫ್ ಬ್ಯಾಟರಿಗಳಲ್ಲಿ ಕಾರಿನಿಂದ ನಿವೃತ್ತಿಯಾದವೂ ಇವೆ.

ಹಾಗಾದರೆ ಚಿಂತೆ ಯಾಕೆ? ಸರಾಸರಿ ಅನ್ನೋದು ಯಾರ ಮನೆಯ ಕಾರೂ ಅಲ್ಲ, ಅದಕ್ಕೆ. ನೆರಳಲ್ಲಿ ನಿಂತು, ಶೇ. 80ಕ್ಕೆ ಚಾರ್ಜ್ ನಿಲ್ಲಿಸಿದ ಕಾರು ಒಂದು. ಟ್ಯಾಕ್ಸಿಯಾಗಿ ದಿನಕ್ಕೆರಡು ಸಲ ಫಾಸ್ಟ್ ಚಾರ್ಜ್ ಆಗಿ, ಬಿಸಿಲಲ್ಲಿ ಬೆಂದ ಕಾರು ಇನ್ನೊಂದು. ಹೊರಗಿಂದ ನೋಡಿದರೆ ಎರಡೂ ಒಂದೇ. ಪಾಲಿಶ್ ಹೊಡೆಸಿ ನಿಲ್ಲಿಸಿದರಂತೂ ಎರಡನೆಯದೇ ಚೆನ್ನಾಗಿ ಕಾಣಬಹುದು.

ಹೊಸ ಕಾರು ಕೊಳ್ಳುವವರಿಗೆ ಹಾರ್ಟ್‌ಫರ್ಡಿನ ಹಳೆಯ ಉಪಾಯ ಮತ್ತೆ ಬಂದಿದೆ. 2024ರಲ್ಲಿ ಎಂಜಿ ವಿಂಡ್ಸರ್ ಕಾರನ್ನು ಬ್ಯಾಟರಿ ಬಿಟ್ಟು ಒಂದು ಬೆಲೆ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಅಂತ ಮಾರತೊಡಗಿದರು. 1910ರ ಮೈಲಿ ಲೆಕ್ಕವೇ ಇದು. ಸವೆತದ ಭಾರ ಯಾರ ಹೆಗಲ ಮೇಲೆ ಅನ್ನೋದನ್ನು ಮಾತ್ರ ಕರಾರು ಪತ್ರ ಓದಿಯೇ ತಿಳಿಯಬೇಕು. ಇನ್ನು "ಜೀವಮಾನ ವಾರಂಟಿ" ಅನ್ನುವ ಜಾಹೀರಾತುಗಳ ಕೆಳಗೆ ಸಣ್ಣ ಅಕ್ಷರದಲ್ಲಿ "ಮೊದಲ ಮಾಲೀಕರಿಗೆ ಮಾತ್ರ" ಅಂತಿರುತ್ತೆ. ನನ್ನ ಕಣ್ಣು ನಿಲ್ಲೋದು ಆ ಮೂರು ಪದದ ಮೇಲೆ.

ಯಾಕಂದರೆ ನಮ್ಮ ಹಳ್ಳಿಗಳಿಗೆ ಕಾರು ಬರೋದೇ ಎರಡನೆಯ, ಮೂರನೆಯ ಮಾಲೀಕನ ಕೈಗೆ. ಅಂಬಾಸಡರ್ ಹಾಗೇ ಬಂತು, ಮಾರುತಿ ಎಂಟುನೂರು ಹಾಗೇ ಬಂತು, ಓಮ್ನಿ ಹಾಗೇ ಬಂತು. ಬೆಂಗಳೂರಿನಲ್ಲಿ ಏಳೆಂಟು ವರ್ಷ ಓಡಿದ್ದು ಊರಿಗೆ ಬಂದು ಇನ್ನು ಹದಿನೈದು ವರ್ಷ ಓಡುತ್ತೆ. ಪೆಟ್ರೋಲ್ ಕಾರಾದರೆ ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ ಸದ್ದು ಕೇಳಿ, ಸೈಲೆನ್ಸರ್ ಹೊಗೆಯ ಬಣ್ಣ ನೋಡಿ "ಅಣ್ಣ, ಇದು ಬ್ಯಾಡ" ಅಂತ ಹೇಳಬಲ್ಲ. ಬ್ಯಾಟರಿಗೆ ಸದ್ದಿಲ್ಲ, ಹೊಗೆಯಿಲ್ಲ. ಅದರ ಸತ್ಯ ಇರೋದು ಒಳಗಿನ ಸಾಫ್ಟ್‌ವೇರಿನಲ್ಲಿ. ಅದನ್ನು ಓದುವ ಕೀಲಿಕೈ ಹೆಚ್ಚಿನ ಸಲ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ. ಹೀಗಾದರೆ ಪಟ್ಟಣದ ಸವೆತವೆಲ್ಲ ಸದ್ದಿಲ್ಲದೆ ಹಳ್ಳಿಯವನ ಲೆಕ್ಕಕ್ಕೆ ಬೀಳುತ್ತೆ. ನೂರಿಪ್ಪತ್ತು ವರ್ಷದಿಂದ ಒಬ್ಬರು ಇನ್ನೊಬ್ಬರ ಕಡೆ ತಳ್ಳುತ್ತಾ ಬಂದ ನಷ್ಟ, ಕೊನೆಗೆ ತಳ್ಳಲು ಯಾರೂ ಇಲ್ಲದವನ ಬಾಗಿಲಲ್ಲಿ ಬಂದು ನಿಲ್ಲುತ್ತೆ.

ಇದಕ್ಕೆ ಪರಿಹಾರ ಇದೆ, ಬರೆದೂ ಆಗಿದೆ. 2022ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳಿಗೆ 22ನೇ ಸಂಖ್ಯೆಯ ನಿಯಮ ಸೇರಿತು. ಐದು ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಕನಿಷ್ಠ ಶೇ. 80, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಕನಿಷ್ಠ ಶೇ. 70 ಸಾಮರ್ಥ್ಯ ಉಳಿಯಬೇಕು. ಎಷ್ಟು ಉಳಿದಿದೆ ಅನ್ನೋದನ್ನು ಕಾರೇ ತೋರಿಸಬೇಕು, ತೋರಿಸಿದ್ದು ನಿಜವೋ ಅಂತ ಪರೀಕ್ಷೆಯೂ ಆಗಬೇಕು. ಅದೇ ವರ್ಷ ಕ್ಯಾಲಿಫೋರ್ನಿಯಾ, 2026ರ ಮಾಡೆಲ್ಲಿನಿಂದ ಯಾವ ಉಪಕರಣವೂ ಇಲ್ಲದೆ ಚಾಲಕನೇ ಬ್ಯಾಟರಿಯ ಆರೋಗ್ಯ ಓದುವಂತಿರಬೇಕು ಅಂತ ನಿಯಮ ಮಾಡಿತು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಆ ಅಂಕಿ ಕಾರಿನೊಳಗೆ ಈಗಲೂ ಇದೆ, ಬ್ಯಾಟರಿ ನೋಡಿಕೊಳ್ಳುವ ಪ್ರೋಗ್ರಾಂ ಅದನ್ನು ಲೆಕ್ಕ ಹಾಕುತ್ತಲೇ ಇರುತ್ತೆ. ಪರದೆಯ ಮೇಲೆ ತರಲು ಬೇಕಾದದ್ದು ನಾಲ್ಕು ಸಾಲು ಕೋಡ್ ಮತ್ತು ಒಂದು ಕಾನೂನು. ನಾಲ್ಕು ಸಾಲು ಬರೆಯುವವರು ಬೆಂಗಳೂರಿನ ಯಾವ ಟೀ ಅಂಗಡಿ ಮುಂದೆ ಬೇಕಾದರೂ ಸಿಗುತ್ತಾರೆ.

ನಮ್ಮ ಆರ್‌ಸಿಯಲ್ಲಿ ಇಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ, ಬಣ್ಣವೂ ಇದೆ. ಮಾಲೀಕತ್ವ ಬದಲಾಗುವಾಗ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅನ್ನುವ ಒಂದು ಕಾಲಂ ಅದರಲ್ಲಿ ಸೇರಬೇಕು. ಅಲ್ಲಿಯವರೆಗೆ, ಹಳೆಯ ಎಲೆಕ್ಟ್ರಿಕ್ ಕಾರು ನೋಡಲು ಹೋದವರು ಶೇ. 100 ಚಾರ್ಜ್ ಆಗಿರೋದನ್ನು ನೋಡಿ ತಲೆ ಆಡಿಸಬೇಡಿ. ಕಂಪನಿಯ ಸರ್ವೀಸ್ ಸೆಂಟರಿನಿಂದ ಬ್ಯಾಟರಿ ಆರೋಗ್ಯದ ವರದಿ ತರಿಸಿಕೊಡಿ ಅನ್ನಿ. ವಾರಂಟಿ ಎರಡನೆಯ ಮಾಲೀಕನಿಗೂ ಬರುತ್ತೋ ಅಂತ ಕಾಗದದಲ್ಲೇ ಓದಿ. ಕೊಡುವವನು ಹಿಂದೆಮುಂದೆ ನೋಡಿದರೆ ಫೀನಿಕ್ಸಿನವರು ಮಾಡಿದ್ದನ್ನೇ ಮಾಡಿ. ಪೂರ್ತಿ ಚಾರ್ಜ್ ಮಾಡಿಸಿ, ಪಕ್ಕದಲ್ಲಿ ಅವನನ್ನೂ ಕೂರಿಸಿಕೊಂಡು, ಗೊತ್ತಿರುವ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಓಡಿಸಿ, ಚಾರ್ಜ್ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಿ. ಆಮೇಲೆ ರೇಟು ಮಾತಾಡಿ.